ದೊಡ್ಡ ಸಿಸ್ಟರ್ ಓದಿ ಹೇಳುತ್ತಿದ್ದ ವರದಿ

ವ್ಯಾನಿನಿಂದ ಇಳಿಯುತ್ತಿದ್ದ ಬಡಗಿಯ ತೋಳು ಹಿಡಿದುಕೊಂಡೇ ಕಿರಿಯ ನರ್ಸು ಪೇದೆಗೆ ಹೇಳಿದಳು, "ಬೇಡಿ ಬಿಚ್ಚಿ. ಸಾವಿನ ಮನೆ ಮುಂದೆ ಚೆನ್ನಾಗಿರಲ್ಲ."

"ಹೆಚ್ಚುಕಡಿಮೆ ಆದ್ರೆ ನನ್ನ ತಲೆ ಮೇಲೆ ಬರುತ್ತೆ."

"ನನ್ನ ತಲೆ ಮೇಲೂ ಬರುತ್ತೆ. ಬಿಚ್ಚಿ."

ಬುದ್ಧಿ ಸ್ಥಿಮಿತದಲ್ಲಿಲ್ಲದ ಕಾಲದಲ್ಲಿ ಬಡಗಿ ಸ್ವಂತ ತಮ್ಮನನ್ನೇ ಕೊಂದಿದ್ದ. ಕೋರ್ಟು ಅವನನ್ನು ಜೈಲಿನ ಬದಲು ಆಸ್ಪತ್ರೆಯ ಬೀಗದ ವಾರ್ಡಿಗೆ ಕಳಿಸಿ ಹದಿನಾಲ್ಕು ವರ್ಷವಾಗಿತ್ತು. ಮುಂದಿನ ವಾರ ಬಿಡುಗಡೆಯ ವಿಚಾರಣೆ. ಇವತ್ತು ಹೊರಗೆ ಅವನು ಹೇಗಿದ್ದ ಎಂದು ಕಿರಿಯ ನರ್ಸು ಬರೆಯುವ ವರದಿಯನ್ನೇ ಅಲ್ಲಿ ಎಲ್ಲರೂ ಮೊದಲು ನೋಡುತ್ತಾರೆ.

ಮುಂಕೋಣೆಯಲ್ಲಿ ಅವನ ವಾರ್ಡಿನ ಹಿರಿಯ ನರ್ಸು ದೊಡ್ಡ ಸಿಸ್ಟರಿನ ಹೆಣ ಮಲಗಿಸಿದ್ದರು. ಅವಳ ಮಗಳು ಬಡಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಮ್ಮ ಮನೇಲಿ ನಮ್ಮ ಮಾತು ಪೂರ್ತಿ ಕೇಳಿದ್ದೇ ಇಲ್ಲ. ಕೇಳೋದನ್ನೆಲ್ಲ ನಿಮ್ಮ ಹತ್ರವೇ ಮುಗಿಸಿ ಬರ್ತಿದ್ಳು," ಎಂದಳು. ಕೂತವರಲ್ಲಿ ಒಬ್ಬಿಬ್ಬರು ನಕ್ಕರು. ಮಗಳು ನಗಲಿಲ್ಲ.

*

ರೋಗಿಯ ಬಗ್ಗೆ ಬರೆದದ್ದನ್ನು ರೋಗಿಗೇ ಓದಿ ಹೇಳದೆ ದೊಡ್ಡ ಸಿಸ್ಟರ್ ಸಹಿ ಹಾಕುತ್ತಿರಲಿಲ್ಲ. ಬೇರೆ ಕೆಲಸವಿಲ್ಲ ಇವಳಿಗೆ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು. ವಾರ್ಡಿಗೆ ಬಂದು ಎರಡು ವರ್ಷವಾದರೂ ಬಡಗಿ ತುಟಿ ಪಿಟಕ್ಕೆಂದಿರಲಿಲ್ಲ. ಒಂದು ಸಂಜೆ ಅವಳು ಓದಿದಳು: "ಊಟ ನಿರಾಕರಿಸಿದ್ದಾನೆ."

"ನಿರಾಕರಿಸ್ಲಿಲ್ಲ. ಹಲ್ಲು ನೋವು."

ದೊಡ್ಡ ಸಿಸ್ಟರ್ ಆ ಸಾಲು ಹೊಡೆದುಹಾಕಿ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದಳು. ಅವತ್ತಷ್ಟೇ ಕೆಲಸಕ್ಕೆ ಸೇರಿದ್ದ ಕಿರಿಯ ನರ್ಸು ಬಾಗಿಲಲ್ಲೇ ನಿಂತು ಅದನ್ನು ನೋಡಿದ್ದಳು.

*

ಹೆಣ ಎತ್ತುವ ಹೊತ್ತಿಗೆ ಬಡಗಿ ಅರಚಿದ. ಹೊರಲು ಬಂದವನೊಬ್ಬನನ್ನು ತಳ್ಳಿ ಚಟ್ಟವನ್ನು ತಬ್ಬಿಕೊಂಡ. ಪೇದೆ ಓಡಿಬಂದ. ಕಿರಿಯ ನರ್ಸು ಅಡ್ಡ ನಿಂತು ಪೇದೆಯನ್ನು ತಡೆದಳು. ಸ್ವಲ್ಪ ಹೊತ್ತಿಗೆ ಬಡಗಿ ತಾನಾಗಿಯೇ ಕೈಬಿಟ್ಟ.

ಮಣ್ಣು ಮುಗಿದ ಮೇಲೆ ವ್ಯಾನಿನಲ್ಲಿ ಕೂತು ಅವಳು ವರದಿ ಬರೆದು, ಅವನಿಗೆ ಓದಿ ಹೇಳಿದಳು: "ಇಡೀ ದಿನ ಶಾಂತವಾಗಿದ್ದರು."

"ಸುಳ್ಳು," ಎಂದ ಬಡಗಿ. "ನಾನು ಕೂಗಿದೆ. ಒಬ್ರನ್ನ ತಳ್ಳಿದೆ."

"ಅದನ್ನ ಬರೆದ್ರೆ ನಿಮ್ಮನ್ನ ಬಿಡದೇ ಇರಬಹುದು."

"ಬರೀರಿ."

ಅವಳು ಆ ಸಾಲು ಹೊಡೆದುಹಾಕಿದಳು. "ಯಾಕೆ ಕೂಗಿದ್ರಿ?"

"ನನ್ನ ತಮ್ಮನ್ನ ಹೊತ್ತಾಗ ನಾನು ಲಾಕಪ್ಪಲ್ಲಿದ್ದೆ. ಅವನ ಹತ್ರ ಯಾರು ನಿಂತಿದ್ರೋ, ಯಾರು ಅತ್ರೋ..." ಅವನು ತಮ್ಮನ ವಿಷಯ ಹೇಳತೊಡಗಿದ. ಹದಿನಾಲ್ಕು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಳೆಯ ಒಂದು ಮಗ್ಗುಲು ತುಂಬಿತು. ಅವಳು ಅದನ್ನು ತಿರುಗಿಸಿ ತೊಡೆಯ ಮೇಲಿಟ್ಟುಕೊಂಡಳು. ವ್ಯಾನು ಹೊರಡಿಸಲು ಕೂತಿದ್ದ ಪೇದೆ ಎಂಜಿನ್ ಆರಿಸಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.