ಎರಡು ಕುಡುಗೋಲಿನ ನಂಬರು

ನಮ್ಮಣ್ಣ ಅಕ್ರಂ ಚೌಕಾಸಿಗೆ ಕೂತನೆಂದರೆ ಎದುರಿಗಿದ್ದ ಅಂಗಡಿಯವನಿಗೆ ತನ್ನ ಅಂಗಡಿ ತನ್ನದೇ ಹೌದೋ ಅಲ್ಲವೋ ಎಂಬ ಅನುಮಾನ ಬರಬೇಕು, ಅಂಥ ಮನುಷ್ಯ. ಹರಪನಹಳ್ಳಿ ಸಂತೆಯಲ್ಲಿ ಒಂದು ಕಟ್ಟು ಮೆಂತ್ಯೆಸೊಪ್ಪಿಗೆ ಅರ್ಧ ತಾಸು ನಿಲ್ಲುತ್ತಾನೆ. ಸೊಪ್ಪಿನವಳು ಬೈದುಕೊಂಡು ಕೊಡಬೇಕು, ಆಗಲೇ ಅವನಿಗೆ ತಿಂದದ್ದು ಮೈಗೆ ಹತ್ತುವುದು. 2008ರಲ್ಲಿ ನಮ್ಮವರೆಲ್ಲರ ಮೊಬೈಲ್ ಕಂಪನಿ ಬದಲಿಸಿದವನೂ ಅವನೇ. ಅಂಥ ಚೌಕಾಸಿಯನ್ನು ಅವನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಗೆದ್ದವನು ಅವನು. ಸೋತವರು ನಾನು ಮತ್ತು ನಮ್ಮವ್ವ.

ನಾವು ಪಿಂಜಾರರು. ಮನೆಮಾತು ಕನ್ನಡವೇ. ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅಪ್ಪ ಕಮಾಲಸಾಬ ಆ ಕೆಲಸ ಬಿಟ್ಟು ಹರಪನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ. ಅಪ್ಪ ತೀರಿಹೋದ ಮೇಲೆ ಗಿರಣಿಯನ್ನು ನಡೆಸಿದವಳು ಅವ್ವ, ಕಮರುನ್ನೀಸಾ. ನಾನು, ಅಕ್ರಂ ಇಬ್ಬರೂ ಆ ಗಿರಣಿಯ ಸದ್ದಿನಲ್ಲೇ ಬೆಳೆದವರು. ಗಿರಣಿ ಓಡುವಾಗ ಬಾಯಿಯ ಮಾತು ನಡೆಯುವುದಿಲ್ಲ, ಎಲ್ಲ ಕೈಯಲ್ಲೇ. ಬೆರಳು ಉಜ್ಜಿ ತೋರಿಸಿದರೆ ಹಿಟ್ಟು ನುಣ್ಣಗಾಗಬೇಕು. ಮುಷ್ಟಿ ಹಿಡಿದರೆ ಮೋಟರು ನಿಲ್ಲಿಸಬೇಕು. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಉಂಡೆಯಾ ಎಂದು ಕೇಳಿದಂತೆ. ಎರಡೂ ಅಂಗೈ ಮಗುಚಿ ಕೆಳಕ್ಕೆ ಕೊಡವಿದರೆ ಮೇಲಿನ ಡಬ್ಬಿಯಲ್ಲಿ ಕಾಳು ಖಾಲಿ ಎಂದರ್ಥ. ಕಾಳಿಲ್ಲದೆ ಕಲ್ಲಿಗೆ ಕಲ್ಲು ಉಜ್ಜಿದರೆ ಕಲ್ಲೇ ಹಾಳು, ಅದಕ್ಕೇ ಅವ್ವ ನನಗೆ ಮೊದಲು ಕಲಿಸಿದ ಸನ್ನೆ ಅದು. ಮೋಟರು ನಿಂತ ಮೇಲೂ ನಮ್ಮ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು, ಕೈ ಆಡಿಸಿಕೊಂಡೇ ಮಾತಾಡುತ್ತಿದ್ದೆವು. ನಮ್ಮ ಮನೆಗೆ ಬಂದ ಬೀಗರು ಇವರೇನು ಜಗಳ ಆಡುತ್ತಿದ್ದಾರೋ ಎಂದು ಹೆದರಿದ್ದುಂಟು.

ನನ್ನನ್ನು ಹಡಗಲಿಗೆ ಕೊಟ್ಟರು. ನನ್ನ ಗಂಡ ಇಶ್ತಿಯಾಕ ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ದೊಡ್ಡಪ್ಪ ಕೂಡ್ಲಿಗಿಯಲ್ಲಿ, ಚಿಕ್ಕಪ್ಪ ಕೊಟ್ಟೂರಿನಲ್ಲಿ, ಸೋದರಮಾವ ಹಗರಿಬೊಮ್ಮನಹಳ್ಳಿಯಲ್ಲಿ. ಎಲ್ಲರ ಕೈಗೂ ಮೊಬೈಲು ಬಂದಿತ್ತು, ಕರೆನ್ಸಿ ಮಾತ್ರ ಯಾರ ಹತ್ತಿರವೂ ಇರುತ್ತಿರಲಿಲ್ಲ. ಹಾಗಾಗಿ ನಮ್ಮ ಮಾತೆಲ್ಲ ಮಿಸ್ಡ್ ಕಾಲಿನಲ್ಲೇ. ದೀಪ ಹಚ್ಚುವ ಹೊತ್ತಿಗೆ ಅವ್ವ ಗಿರಣಿ ನಿಲ್ಲಿಸಿ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾವು ಒಬ್ಬೊಬ್ಬರಾಗಿ ಎರಡು ರಿಂಗು ಕೊಟ್ಟು ಕಟ್ ಮಾಡುತ್ತಿದ್ದೆವು. ಆರಾಮ ಅದೀವಿ ಅಂತ ಅದರ ಅರ್ಥ. ಅವಳೂ ಎರಡು ರಿಂಗು ಕೊಡುತ್ತಿದ್ದಳು. ಅವ್ವನಿಗೆ ಓದು ಬರಹ ಬರದು, ಅಂಕಿಯ ಆಕಾರ ನೋಡಿ ಯಾರೆಂದು ಹೇಳುತ್ತಿದ್ದಳು. ನನ್ನ ನಂಬರಿನ ಕೊನೆಗೆ ಎರಡು ಏಳು ಇದ್ದವು. ಎರಡು ಕುಡುಗೋಲು ಬಂದರೆ ಮೆಹರೀನ ಎಂದು ಅವಳ ಲೆಕ್ಕ.

ಬಸಿರಾಗಿ ನಾಲ್ಕನೆಯ ತಿಂಗಳಲ್ಲಿ ನಾನು ತವರಿಗೆ ಬಂದಿದ್ದೆ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು ಅದು. ಬಾಯಿ ಬಿಟ್ಟು ಹೇಳುವ ಮೊದಲೇ ಅವ್ವ ನನ್ನ ಮುಖ ನೋಡಿ ಕಂಡುಹಿಡಿದಳು. ಅಕ್ರಂನ ಚೌಕಾಸಿ ನಡೆದದ್ದು ಅದೇ ವಾರ.

ಅವನು ಮೊದಲು ಹಳೇ ಕಂಪನಿಯ ಅಂಗಡಿಗೆ ಹೋದ. ನಾವು ಆರೂ ಜನ ಬಿಟ್ಟು ಹೋಗುತ್ತೇವೆ, ಏನು ಕೊಡುತ್ತೀರಿ ಎಂದು ಕೇಳಿದ. ಅವರು ಏನೋ ಸ್ವಲ್ಪ ಇಳಿಸಿದರು. ಆ ಇಳಿಸಿದ ದರವನ್ನು ಹಿಡಿದುಕೊಂಡು ಹೊಸ ಕಂಪನಿಯ ಏಜೆಂಟ್ ಮಂಜಣ್ಣನನ್ನು ಗಿರಣಿಗೇ ಕರೆಸಿದ. ಪಾಪ, ಮಂಜಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನು ಹಿಟ್ಟಿನಲ್ಲಿ ಬಿಳಿ ಬೆಕ್ಕಾಗಿ ಕೂತ. ಗುಂಪಿನ ಪ್ಲಾನು ಇದೆ, ಗುಂಪಿನೊಳಗಿನ ಕರೆಗೆ ಅರ್ಧ ದರ ಎಂದ. ಅಕ್ರಂ ಚಹಾ ತರಿಸಿದ. ಕಾಲು ದರಕ್ಕೆ ಬಂತು. ಅಕ್ರಂ ಇನ್ನೊಂದು ಚಹಾ ತರಿಸಿ, ಗಿರಣಿಗೆ ಬರುವವರಿಗೆಲ್ಲ ನಿನ್ನ ಸಿಮ್ಮೇ ತಗೊಳ್ಳಿ ಅಂತ ಹೇಳುತ್ತೇನೆ ಎಂದ. ಕೊನೆಗೆ ಸಿಮ್ ಪುಕ್ಕಟೆ, ಗುಂಪಿನ ಆರು ಜನ ಹಗಲು ರಾತ್ರಿ ಎಷ್ಟು ಮಾತಾಡಿದರೂ ಪುಕ್ಕಟೆ, ತಿಂಗಳಿಗೆ ತಲೆಗೆ ಇಷ್ಟು ಅಂತ ಕಟ್ಟಿದರೆ ಮುಗಿಯಿತು ಎಂದು ಕರಾರಾಯಿತು. ಹಳೇ ನಂಬರು ಹೋಗುತ್ತದೆ, ಅದಕ್ಕೆ ಏನೂ ಮಾಡಲು ಬರುವುದಿಲ್ಲ ಎಂದ ಮಂಜಣ್ಣ.

ಆಗ ಅವ್ವ ಅಡ್ಡ ಬಂದಳು. ಕೈಯಲ್ಲಿ ಎರಡು ಸಲ ಕುಡುಗೋಲು ಬರೆದು ತೋರಿಸಿದಳು. ಅಕ್ರಂ ಮತ್ತೆ ಮಂಜಣ್ಣನ ಕೊರಳಿಗೆ ಬಿದ್ದ. ಮಂಜಣ್ಣ ಸಿಮ್ಮಿನ ಡಬ್ಬಿಯನ್ನೆಲ್ಲ ಚೆಲ್ಲಿಕೊಂಡು ಹುಡುಕಿ, ಕೊನೆಗೆ ಎರಡು ಏಳಿರುವ ನಂಬರೊಂದನ್ನು ನನಗೆ ಕೊಟ್ಟ. ಅಷ್ಟಾದರೂ ಅವ್ವನಿಗೆ ಸಮಾಧಾನವಿಲ್ಲ.

"ಇದರಾಗ ಮಿಸ್ಡ್ ಕಾಲ್ ಬರ್ತಾವೇನಪ್ಪ?" ಎಂದು ಕೇಳಿದಳು.

ಮಂಜಣ್ಣ ನಕ್ಕ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ರಂ ಅವಳ ಎದುರಿಗೆ ಹೋಗಿ ನಿಂತು, "ಯವ್ವಾ, ಇನ್ನ ಮಿಸ್ಡ್ ಕಾಲ್ ಯಾಕ ಬೇಕು? ಬಾಯಿತುಂಬ ಮಾತಾಡಬೇ, ಪುಕ್ಕಟೆ ಐತಿ" ಎಂದು ಕೂಗಿದ. ಅವ್ವ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ನಾವು ನಗುತ್ತಿದ್ದುದರಿಂದ ತಾನೂ ನಕ್ಕಳು.

ಹಡಗಲಿಗೆ ಬಂದ ಮೇಲೆ ನನಗೆ ಹಬ್ಬವೇ ಹಬ್ಬ. ದಿನಾ ಸಂಜೆ ಫೋನು ಹಚ್ಚಿ ಅವ್ವನಿಗೆ ವಾಂತಿಯ ಕತೆ, ಅತ್ತೆಯ ಕತೆ, ಎಲ್ಲ ಹೇಳುತ್ತಿದ್ದೆ. ಅವಳು ಹೂಂನವ್ವ, ಚಲೋ ಆತು, ಉಂಡ್ಯಾ ಎಂದು ಕೇಳಿ ಇಟ್ಟುಬಿಡುತ್ತಿದ್ದಳು. ಗಿರಣಿಯ ಕೆಲಸ, ಸುಸ್ತಾಗಿರುತ್ತಾಳೆ ಎಂದುಕೊಂಡೆ. ಹಡಗಲಿಯಿಂದ ಹರಪನಹಳ್ಳಿಯವರೆಗೆ ನನ್ನ ಮಾತು ಹೋಗುತ್ತಿದೆಯಲ್ಲ, ಅದೇ ದೊಡ್ಡದು ಅನ್ನಿಸುತ್ತಿತ್ತು.

ಐದನೆಯ ತಿಂಗಳಲ್ಲಿ ಕೂಸು ಹೋಯಿತು. ಏಳು, ನಡೆ, ಆಸ್ಪತ್ರೆಗೆ ಹೋಗೋಣ ಎನ್ನುವಷ್ಟರಲ್ಲೇ ಎಲ್ಲ ಮುಗಿದಿತ್ತು. ಗಂಡುಕೂಸು. ಇಶ್ತಿಯಾಕ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ನಾನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಯಾರ ಸಮಾಧಾನವೂ ನನಗೆ ಬೇಕಿರಲಿಲ್ಲ, ಅವ್ವನದೊಂದು ಬೇಕಿತ್ತು. ಅವಳು ಅಯ್ಯೋ ನನ ಕೂಸೇ ಎಂದು ಒಂದು ಸಲ ಅತ್ತುಬಿಟ್ಟರೆ ನಾನೂ ಅಳಬಹುದಿತ್ತು. ಅಲ್ಲಿಯವರೆಗೆ ನನಗೆ ಕಣ್ಣೀರೇ ಬಂದಿರಲಿಲ್ಲ. ಫೋನು ಹಚ್ಚಿದೆ.

"ಯವ್ವಾ, ಕೂಸು ಹೋತು" ಎಂದೆ.

"ಹೂಂನವ್ವ. ಚಲೋ ಆತು. ಅಲ್ಲಾ ಹಿಂಗ ಇಟ್ಟಿರ್ಲಿ. ಉಂಡ್ಯಾ?" ಎಂದಳು ಅವ್ವ.

ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಮತ್ತೆ ಕಿವಿಗೆ ಇಟ್ಟುಕೊಂಡೆ. ಅಷ್ಟರಲ್ಲಿ ಅವಳೇ ಇಟ್ಟುಬಿಟ್ಟಳು.

ಆ ಸಿಟ್ಟನ್ನು ಹೇಗೆ ಹೇಳಲಿ? ಹೆತ್ತವಳು ಹೀಗೂ ಅನ್ನುವುದುಂಟೆ? ಆರು ವರ್ಷ ದರ್ಗಾ ಸುತ್ತಿ, ಉಚ್ಚಂಗೆಮ್ಮನ ಗುಡ್ಡ ಹತ್ತಿ, ಕಂಡಕಂಡವರ ಕಾಲಿಗೆ ಬಿದ್ದು ಪಡೆದದ್ದು ಹೋಯಿತೆಂದರೆ ಚಲೋ ಆಯಿತಂತೆ. ಉಣ್ಣಬೇಕಂತೆ. ನಮ್ಮ ಮನೆಯವರಿಗೆ ಒಂದು ಮಾತೂ ಹೇಳಕೂಡದು ಎಂದು ಇಶ್ತಿಯಾಕನಿಂದ ಆಣೆ ಹಾಕಿಸಿಕೊಂಡೆ. ಅವ್ವನಿಗೆ ಫೋನು ಮಾಡುವುದನ್ನು ಬಿಟ್ಟೆ. ಅಕ್ರಂ ಮಾಡಿದರೆ ಕೆಲಸ ಇದೆ ಎಂದು ಇಡುತ್ತಿದ್ದೆ. ಇಂಥ ಸುದ್ದಿಯನ್ನು ಅಣ್ಣನೆದುರು ಹೇಗೆ ಬಾಯಿ ಬಿಟ್ಟು ಹೇಳುವುದು? ಅದು ತಾಯಿಯ ಕಿವಿಗೆ ಹೇಳುವ ಮಾತು.

ಅದರ ಮೇಲೆ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನಿಂದ ಮಿಸ್ಡ್ ಕಾಲು. ಎರಡು ರಿಂಗು, ಕಟ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಕ್ಕಟೆ ಮಾತಾಡು ಎಂದರೂ ಈ ಜಿಪುಣಿಗೆ ಮಗಳ ಹತ್ತಿರ ಒಂದು ಮಾತಾಡಲು ಆಗದು ಎಂದು ಬೈದುಕೊಳ್ಳುತ್ತಿದ್ದೆ. ನಾನು ಒಂದಕ್ಕೂ ತಿರುಗಿ ರಿಂಗು ಕೊಡಲಿಲ್ಲ. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಎರಡು ತಿಂಗಳಾದ ಮೇಲೆ ಅಕ್ರಂ ಫೋನು ಮಾಡಿದ. ಏಳು ತುಂಬುತ್ತಾ ಬಂತಂತೆ, ಚೊಚ್ಚಲ ಬಾಣಂತನಕ್ಕೆ ಕರೆತರಲು ಯಾವಾಗ ಬರಲಿ, ಅವ್ವ ಕೇಳು ಅಂದಾಳ ಎಂದ. ಗಾಯದ ಮೇಲೆ ಬರೆ ಎಂದರೆ ಇದೇ ಅಲ್ಲವೆ? ನೀನು ಬರುವುದು ಬೇಡ, ನಾನೇ ಬರುತ್ತೇನೆ ಎಂದೆ. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಬೇಕಿತ್ತು. ಬೆಳಗಿನ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಬೈಗುಳ ಕೂಡಿಸಿಕೊಂಡೇ ಕೂತಿದ್ದೆ.

ಗಿರಣಿಗೆ ಬಂದಾಗ ಕರೆಂಟು ಹೋಗಿತ್ತು. ಹಿಟ್ಟಿನ ಡಬ್ಬಿಗಳು ಸಾಲಾಗಿ ಕಾಯುತ್ತಿದ್ದವು, ಜನ ಯಾರೂ ಇರಲಿಲ್ಲ. ಅಕ್ರಂ ಕರೆಂಟಿನವರನ್ನು ಕೇಳಿಬರಲು ಹೋಗಿದ್ದನಂತೆ. ಮೋಟರಿಲ್ಲದ ಗಿರಣಿಯಲ್ಲಿ ಹಲ್ಲಿ ಲೊಚಗುಟ್ಟಿದರೂ ಕೇಳುತ್ತಿತ್ತು. ಅವ್ವ ಬಾಗಿಲಿಗೆ ಬೆನ್ನು ಹಾಕಿ ಕೂತು ಏನೋ ಹೊಲಿಯುತ್ತಿದ್ದಳು.

ಯವ್ವಾ ಎಂದೆ. ತಿರುಗಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಕರೆದೆ. ಸೂಜಿ ಹೋಗುತ್ತಿತ್ತು, ಬರುತ್ತಿತ್ತು. ನನ್ನ ಮೇಲೆ ಇಷ್ಟು ಸೊಕ್ಕೇ ಎಂದು ಮೊದಲು ಅನ್ನಿಸಿತು. ಅವಳ ಫೋನು ಪಕ್ಕದಲ್ಲಿ ಜೋಳದ ಚೀಲದ ಮೇಲಿತ್ತು. ನಾನು ಬಾಗಿಲಲ್ಲೇ ನಿಂತು ನನ್ನ ಫೋನಿನಿಂದ ಅದಕ್ಕೆ ಹಚ್ಚಿದೆ.

ಫೋನು ಗಿರಣಿಯೆಲ್ಲ ಮೊಳಗುವಂತೆ ಬಡಿದುಕೊಂಡಿತು. ಅವ್ವ ಅಲುಗಲಿಲ್ಲ. ರಿಂಗಾಗುತ್ತಲೇ ಇತ್ತು. ದಾರ ಕಡಿಯಲು ಮುಖ ತಿರುಗಿಸಿದಾಗ ಫೋನಿನ ಬೆಳಕು ಅವಳ ಕಣ್ಣಿಗೆ ಬಿತ್ತು. ಹೊಲಿಗೆ ಎಸೆದು ಫೋನನ್ನು ಎತ್ತಿಕೊಂಡಳು. ಕಣ್ಣಿನ ಹತ್ತಿರ ಹಿಡಿದು ನೋಡಿ, ಎರಡು ಕುಡುಗೋಲಿನ ಮೇಲೆ ಬೆರಳಾಡಿಸಿ, ಕಿವಿಗೆ ಇಟ್ಟುಕೊಂಡಳು.

ನಾನು ತುಟಿ ಬಿಚ್ಚಿರಲಿಲ್ಲ.

"ಹೂಂ" ಎಂದಳು ಅವ್ವ. ನಾನು ಮಾತಾಡಲೆಂದು ಸ್ವಲ್ಪ ಹೊತ್ತು ಬಿಟ್ಟಳು. "ಹೂಂನವ್ವ. ಚಲೋ ಆತು." ಮತ್ತೆ ಸ್ವಲ್ಪ ಹೊತ್ತು ಬಿಟ್ಟಳು. "ಅಲ್ಲಾ ಹಿಂಗ ಇಟ್ಟಿರ್ಲಿ. ಉಂಡ್ಯಾ?"

ಉಂಡೆ ಎನ್ನಲು ನನಗೆ ಎಷ್ಟು ಹೊತ್ತು ಬೇಕೋ ಅಷ್ಟು ಕಾದು, ತಲೆಯಾಡಿಸಿ, ಗುಂಡಿ ಒತ್ತಿ ಇಟ್ಟಳು. ಆಮೇಲೆ ಫೋನನ್ನು ಸೆರಗಿನಿಂದ ಒರೆಸಿ ಎದೆಗೆ ಒತ್ತಿಕೊಂಡಳು.

ನಾನು ಬಾಗಿಲ ಚೌಕಟ್ಟು ಹಿಡಿದು ಕುಸಿದುಬಿಟ್ಟೆ. ಅಪ್ಪ ಸತ್ತಾಗಿನಿಂದ ಆ ಮೋಟರಿನ ಪಕ್ಕದಲ್ಲೇ ಕೂತವಳು. ಕಿವಿ ಯಾವಾಗ ಹೋಯಿತೋ ನಮಗೆ ಗೊತ್ತೇ ಆಗಲಿಲ್ಲ. ಎದುರಿಗಿದ್ದಾಗ ನಾವು ಕೂಗುತ್ತಿದ್ದೆವು, ಕೈ ಆಡಿಸುತ್ತಿದ್ದೆವು, ಅವಳು ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಗಿರಣಿಯ ಮನೆಯಲ್ಲಿ ಕಿವುಡಿಗೂ ಕಿವಿಯಿದ್ದವರಿಗೂ ಏನು ವ್ಯತ್ಯಾಸ? ಮಿಸ್ಡ್ ಕಾಲೊಂದೇ ಅವಳಿಗೆ ಪೂರ್ತಿ ತಿಳಿಯುತ್ತಿದ್ದ ಮಾತು. ನಾವು ಚೌಕಾಸಿ ಮಾಡಿ ಅದನ್ನೇ ಕಿತ್ತುಕೊಂಡಿದ್ದೆವು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ತಂದ ಹಾಗಾಗಿತ್ತು.

ನಾನು ಬಿದ್ದದ್ದಕ್ಕೆ ನೆಲದ ಮೇಲಿನ ಬಿಸಿಲು ಅಲುಗಾಡಿರಬೇಕು, ಅವ್ವ ತಿರುಗಿದಳು. ಎದ್ದು ಓಡಿ ಬಂದಳು. ಈಗ ಮಾತಾಡಿದ್ಯಲ್ಲೇ, ಬಂದೀನಿ ಅಂತ ಹೇಳಬಾರದಾ, ಬಸ್ಸಿನ್ಯಾಗ ಯಾಕ ಬಂದಿ, ಕುಲುಕಾಡಿದರ ಹೆಂಗ ಎಂದು ಗಿರಣಿ ಓಡುತ್ತಿರುವಂತೆಯೇ ಕೂಗಿ ಬೈದಳು. ಬೈಯುತ್ತಲೇ ಒಳಗೆ ಎಳೆದುಕೊಂಡು ಹೋಗಿ ತಾನು ಹೊಲಿಯುತ್ತಿದ್ದುದನ್ನು ನನ್ನ ತೊಡೆಯ ಮೇಲಿಟ್ಟಳು. ಮೊಳದುದ್ದದ ಗಾದಿ. ತೊಟ್ಟಿಲಿಗೆ. ಅಜ್ಜನ ಕೆಲಸವನ್ನು ಮರೆತೇಬಿಟ್ಟಿದ್ದ ಮನೆಯಲ್ಲಿ ಕೂತು ತಾನೇ ಹತ್ತಿ ಹಿಂಜಿ ತುಂಬಿದ್ದಳು. ಬೆರಳಿನಿಂದ ಅಲ್ಲಲ್ಲಿ ಒತ್ತಿ, ನೋಡು, ಎಲ್ಲೂ ಗಂಟಿಲ್ಲ ಎಂದಳು. ಆಮೇಲೆ ನಗುತ್ತಾ ನನ್ನ ಸೆರಗು ಸರಿಸಿ ಹೊಟ್ಟೆಯ ಮೇಲೆ ಕೈ ಇಟ್ಟಳು.

ಕೈ ಅಲ್ಲೇ ನಿಂತಿತು.

ನಾನು ಹೇಳಿದೆ. ಆದರೆ ಅಳುವವರ ತುಟಿಯನ್ನು ಯಾರು ಓದಬಲ್ಲರು? ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ತಿಳಿಯದೆ ರೂಢಿಯಂತೆ ತಲೆಯಾಡಿಸಿ ಹೂಂ, ಹೂಂನವ್ವ ಎನ್ನತೊಡಗಿದಳು. ಇನ್ನು ಒಂದು ಕ್ಷಣ ಬಿಟ್ಟರೆ ಚಲೋ ಆತು ಎಂದುಬಿಡುತ್ತಾಳೆ ಎಂದು ನನಗೆ ಜೀವ ಹೋದಂತಾಯಿತು. ಎರಡೂ ಅಂಗೈ ಮಗುಚಿ ಕೆಳಕ್ಕೆ ಕೊಡವಿದೆ.

ಅವಳು ನನಗೆ ಮೊದಲು ಕಲಿಸಿದ ಸನ್ನೆ. ಅವಳಿಗೆ ತಿಳಿಯದೆ ಇರುತ್ತದೆಯೆ?

ಅವ್ವ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅಯ್ಯೋ ನನ ಕೂಸೇ ಎಂದು ಅತ್ತಳು. ಎರಡು ತಿಂಗಳಿಂದ ನನಗೆ ಬೇಕಾಗಿದ್ದ ಅಳು ಅದು. ನಾನೂ ಅತ್ತೆ. ಬೀದಿಯವರು ಬಾಗಿಲಿಗೆ ಬಂದು ನೋಡಿ ಹೋದರು.

ಎಷ್ಟೋ ಹೊತ್ತಿನ ಮೇಲೆ ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಹಿಟ್ಟು ಮೆತ್ತಿದ ಕೈ. ಯಾವಾಗ ಎಂದು ಕೇಳಿದಳು. ಬೆರಳು ಎತ್ತಿ ಎರಡು ತಿಂಗಳು ಎಂದೆ. ಅವಳು ಗಾದಿಯ ಕಡೆ ನೋಡಿದಳು, ಚೀಲದ ಮೇಲಿನ ಫೋನಿನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆ ಬಂತು. ಜೀವಮಾನವೆಲ್ಲ ಕೂಗಿಯೇ ಮಾತಾಡಿದವಳು ಆಗ ಪಿಸುಮಾತಿನಲ್ಲಿ ಕೇಳಿದಳು.

"ಫೋನಿನ್ಯಾಗ ಹೇಳಿದ್ಯೇನು ನನಗ?"

ಸುಳ್ಳು ಹೇಳಲು ಆಗಲಿಲ್ಲ. ಹೌದೆಂದು ತಲೆಯಾಡಿಸಿದೆ.

"ನಾ ಏನಂದೆ?"

ನಾನು ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದೆ. ಉಂಡ್ಯಾ ಅಂತ ಕೇಳಿದಿ ಎಂದು ತೋರಿಸಿದೆ. ಅಷ್ಟನ್ನೇ ತೋರಿಸಿದೆ.