ಭಾವನ ಪಾದದ ಅಳತೆ

ಬೂಟು ಹೊಲಿಯುವವನ ಅಂಗಡಿಗೆ ಅವನ ಭಾವ ಬಂದರೆಂದರೆ ಒಂದು ತಕರಾರು ಇದ್ದೇ ಇರುತ್ತಿತ್ತು. ಅಕ್ಕನ ಗಂಡ, ಬಸ್ಸಿನ ಡ್ರೈವರು, ವಯಸ್ಸು ನಲವತ್ತೆಂಟು. ಆ ಬೆಳಿಗ್ಗೆಯೂ ಬೂಟು ಬಿಚ್ಚಿ ಮೇಜಿನ ಮೇಲೆ ಕುಕ್ಕಿದರು.

"ಆರು ತಿಂಗಳಾಗಿಲ್ಲ, ಆಗ್ಲೇ ಹೆಬ್ಬೆರಳು ಕಚ್ತಿದೆ. ಎಂಥಾ ಚರ್ಮ ಹಾಕ್ತೀಯಯ್ಯಾ? ನೀರು ಕಂಡ್ರೆ ಕುಗ್ಗುತ್ತೆ."

"ಕಾಲಿಡಿ ಭಾವ, ಅಳತೆ ತಗೋತೀನಿ."

ಹಾಳೆಯ ಮೇಲೆ ಪಾದದ ಸುತ್ತ ಪೆನ್ಸಿಲ್ ಎಳೆಯುವಾಗ ಅವನಿಗೆ ಒಳಗೊಳಗೇ ಕಸಿವಿಸಿ. ಚರ್ಮ ಕುಗ್ಗಿಲ್ಲ, ಪಾದವೇ ದೊಡ್ಡದಾಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಅವನು ಭಾವನ ಪಾದದ ಅಳತೆಯ ಮರದ ಅಚ್ಚಿಗೆ ಚರ್ಮದ ಪಟ್ಟಿಗಳನ್ನು ಅಂಟಿಸಿ, ದಪ್ಪ ಮಾಡಿ, ಅದರ ಮೇಲೆ ಬೂಟು ಹೊಲಿಯುತ್ತ ಬಂದಿದ್ದ. ಬಾಯಿಬಿಟ್ಟರೆ ಮಾತಿಗೆ ಮಾತು ಬೆಳೆಯುತ್ತದೆ, ನಡುವೆ ಅಕ್ಕ ಸಿಕ್ಕಿಕೊಳ್ಳುತ್ತಾಳೆ. ಸುಮ್ಮನೆ ಇನ್ನೊಂದು ಪಟ್ಟಿ ಅಂಟಿಸುವುದೇ ಸುಲಭವಾಗಿತ್ತು.

ಭಾವ ಹೋದ ಮೇಲೆ ಹಳೆಯ ಹಾಳೆಗಳನ್ನು ಹುಡುಕಿ ತೆಗೆದ. ಒಂಬತ್ತು ವರ್ಷದ ಹಿಂದಿನದು, ನಾಲ್ಕು ವರ್ಷದ ಹಿಂದಿನದು, ಇವತ್ತಿನದು. ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದ. ವಯಸ್ಸಾದಂತೆ ಪಾದ ತುಸು ಹರಡುವುದನ್ನು ಅವನು ಎಷ್ಟೋ ಕಂಡಿದ್ದ. ಆದರೆ ಇದು ಪೂರ್ತಿ ಎರಡು ನಂಬರು ದೊಡ್ಡದಾಗಿತ್ತು. ಅಂಗಡಿಯ ಬಾಗಿಲು ಎಳೆದುಕೊಂಡು ನೇರ ಅಕ್ಕನ ಮನೆಗೆ ನಡೆದ.

ಅಕ್ಕ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಮೇಲೆ, "ಹೋದ ವರ್ಷ ಅವರ ಉಂಗುರಾನೂ ಕತ್ತರಿಸಿ ತೆಗೆಸಿದ್ವಿ ಕಣೋ," ಎಂದಳು. "ದಪ್ಪ ಆಗಿದಾರೆ ಅಂದ್ಕೊಂಡೆ. ಗೊರಕೆ, ಬೆವರು, ತಲೆನೋವು, ಎಲ್ಲಾ ವಯಸ್ಸಿನ ತಲೆ ಮೇಲೇ ಹಾಕಿದ್ವಿ."

ಡಾಕ್ಟರಿಗೆ ತೋರಿಸೋಣ ಎಂದಾಗ ಭಾವ ಮೊದಲು ನಕ್ಕರು, ಆಮೇಲೆ ರೇಗಿದರು. ಅಕ್ಕ ಜಗ್ಗಲಿಲ್ಲ. ಊರಿನ ಡಾಕ್ಟರು ಅವರನ್ನು ಹಾರ್ಮೋನ್ ಕಾಯಿಲೆ ನೋಡುವ ಡಾಕ್ಟರಮ್ಮನ ಬಳಿಗೆ ಕಳಿಸಿದರು. ಆಕೆ ಭಾವನ ದವಡೆ ನೋಡಿದರು, ಅಂಗೈ ಹಿಡಿದು ನೋಡಿದರು, ಹಾಳೆಗಳನ್ನು ಮಾತ್ರ ಎರಡೆರಡು ಸಲ ನೋಡಿದರು. ಸಕ್ಕರೆ ನೀರು ಕುಡಿಸಿ, ಅರ್ಧ ಗಂಟೆಗೊಮ್ಮೆ ರಕ್ತ ತೆಗೆಸಿದರು.

ಸ್ಕ್ಯಾನೂ ಆದ ಮೇಲೆ ಭಾವ, ಅಕ್ಕ, ಜೊತೆಗೆ ಬಂದಿದ್ದ ಅವನು, ಮೂವರನ್ನೂ ಕೂರಿಸಿಕೊಂಡು ಹೇಳಿದರು: "ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ, ಪಿಟ್ಯುಟರಿ ಅಂತ. ಥೈರಾಯ್ಡ್ ಎಷ್ಟು ಕೆಲಸ ಮಾಡ್ಬೇಕು, ಮೈ ಎಷ್ಟು ಬೆಳೀಬೇಕು, ಎಲ್ಲಾ ಅದರ ಅಪ್ಪಣೆ. ಹಾರ್ಮೋನನ್ನ ರಕ್ತಕ್ಕೆ ಬಿಡುತ್ತೆ, ರಕ್ತ ಅದನ್ನ ಮೈಯೆಲ್ಲಾ ಒಯ್ಯುತ್ತೆ. ಸಾಕಾದಾಗ ರಕ್ತವೇ ಆ ಸುದ್ದೀನ ವಾಪಸ್ ತರುತ್ತೆ, ಗ್ರಂಥಿ ಕೈ ಬಿಗಿ ಮಾಡುತ್ತೆ. ಸಕ್ಕರೆ ಕುಡಿದಾಗ ಬೆಳವಣಿಗೆ ಹಾರ್ಮೋನ್ ಇಳೀಬೇಕಿತ್ತು. ನಿಮಗೆ ಇಳೀಲಿಲ್ಲ. ಅಲ್ಲಿ ಒಂದು ಚಿಕ್ಕ ಗಡ್ಡೆ ಇದೆ. ಸಾಕು ಅಂದ್ರೆ ಅದಕ್ಕೆ ಕೇಳ್ಸೋದಿಲ್ಲ."

"ಹಂಗಾದ್ರೆ ನಾನು ಎತ್ತರ ಆಗ್ಬೇಕಿತ್ತಲ್ಲ?" ಎಂದರು ಭಾವ.

"ಉದ್ದ ಮೂಳೆಗಳ ತುದಿ ಹರೆಯದಲ್ಲೇ ಕೂಡಿಕೊಂಡಿರುತ್ತೆ. ಅದಕ್ಕೇ ಕೈ, ಕಾಲು, ದವಡೆ ಅಗಲ ಆಗುತ್ತೆ. ಕ್ಯಾನ್ಸರ್ ಅಲ್ಲ, ಹೆದರ್ಬೇಡಿ. ಗಡ್ಡೇನ ಮೂಗಿನ ಮೂಲಕವೇ ತೆಗೀತಾರೆ."

ಆಪರೇಷನ್ ಸುಸೂತ್ರವಾಯಿತು. ಮೂರನೆಯ ದಿನ ಮಧ್ಯಾಹ್ನ, ಅಕ್ಕ ಔಷಧಿ ತರಲು ಹೋಗಿದ್ದಾಗ, ಅವನು ಭಾವನ ಮಂಚದ ಪಕ್ಕ ಕೂತು ಪಟ್ಟಿಗಳ ವಿಷಯವನ್ನೆಲ್ಲ ಹೇಳಿದ. ಹೇಳುವಾಗ ತಲೆ ಎತ್ತಲಿಲ್ಲ.

"ನಾಲ್ಕು ವರ್ಷದಿಂದ ಗೊತ್ತಿತ್ತು ಭಾವ. ಆಗಲೇ ಹೇಳಿದ್ರೆ..."

"ಹೇಳಿದ್ರೆ ನಾನು ಕೇಳ್ತಿದ್ನಾ?" ಎಂದರು ಭಾವ ಮೂಗು ಕಟ್ಟಿದ ದನಿಯಲ್ಲಿ. ಅದು ಕ್ಷಮೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಎನ್ನುವುದು ನಿಜ. ತಾನು ಹೇಳಲಿಲ್ಲ ಎನ್ನುವುದೂ ಅಷ್ಟೇ ನಿಜ.

ಕೆಲವು ವಾರಗಳಲ್ಲಿ ಹಾರ್ಮೋನು ಹದಕ್ಕೆ ಬಂತು. ಅಂಗೈಯ ಊತ ಇಳಿಯಿತು, ತಲೆನೋವು ಹೋಯಿತು. ಬೆಳೆದ ಮೂಳೆ ಮಾತ್ರ ಹಿಂದೆ ಸರಿಯುವುದಿಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಭಾವ ಮತ್ತೆ ಸ್ಟಿಯರಿಂಗ್ ಹಿಡಿಯುವ ಮುಂಚಿನ ದಿನ ಅಕ್ಕ ಅವರ ಮುಖವನ್ನೇ ನೋಡುತ್ತ, "ದಿನಾ ಎದುರಿಗೇ ಇದ್ರಲ್ಲ, ನಂಗೆ ಗೊತ್ತೇ ಆಗ್ಲಿಲ್ಲ," ಎಂದಳು.

"ನಾನೂ ದಿನಾ ಕನ್ನಡಿ ನೋಡ್ಕೊಂಡೇ ಗಡ್ಡ ಹೆರೀತಿದ್ದೆ, ಬಿಡೇ," ಎಂದರು ಭಾವ, ಮತ್ತು ಊಟಕ್ಕೆ ಬಡಿಸಲು ಹೇಳಿದರು.