ಅಲುಗದ ಗೆರೆಗಳು

ಸೂಕ್ಷ್ಮದರ್ಶಕದ ಕೋಣೆಯಲ್ಲಿ ಅವಳ ಮಾತೇ ಮಾತು. ಎಲೆಕ್ಟ್ರಾನ್ ಕಿರಣವನ್ನು ಎರಡಾಗಿ ಸೀಳಿ, ಅರ್ಧವನ್ನು ಪ್ರೋಟೀನಿನ ಮೂಲಕ, ಇನ್ನರ್ಧವನ್ನು ಪಕ್ಕದ ಖಾಲಿ ಜಾಗದಲ್ಲಿ ಹಾಯಿಸಿ ಮತ್ತೆ ಕೂಡಿಸಿದರೆ ಪರದೆಯ ಮೇಲೆ ಸಣ್ಣ ಗೆರೆಗಳು ಮೂಡುತ್ತವೆ. ಹಾಗೇ ನೋಡಿದರೆ ಕಣ್ಣಿಗೇ ಬೀಳದ ಪ್ರೋಟೀನಿನ ಆಕಾರ, ಆ ಗೆರೆಗಳು ಎಲ್ಲಿ ಬಾಗಿವೆ ಎಂಬುದರಿಂದ ತಿಳಿಯಬೇಕು. ಹತ್ತಿರ ಯಾರಾದರೂ ಕೆಮ್ಮಿದರೂ ಸಾಕು, ಗೆರೆಗಳು ನಡುಗಿ ಚಿತ್ರ ಕದಡಿಹೋಗುತ್ತದೆ.

ಅವಳ ಗಂಡನೋ, ಹಾಡದೆ ಕೈಯಾಡಿಸಲಾರದ ಮನುಷ್ಯ. ಮಾದರಿ ಸಿದ್ಧಪಡಿಸುವುದು ಅವನ ಕೆಲಸ. ಅದನ್ನು ಯಂತ್ರದೊಳಗೆ ಇಟ್ಟ ಮೇಲೂ ಬಾಗಿಲ ಬಳಿ ನಿಂತು ಒಂದೇ ರಾಗ ಗುನುಗುತ್ತಿದ್ದ. ರಾಗವೂ ಅಷ್ಟಕ್ಕಷ್ಟೇ.

"ರೀ, ಬಾಯಿಗೆ ಬೀಗ ಹಾಕ್ಕೊಳ್ತೀರಾ, ಇಲ್ಲಾ ಆಚೆ ಹೋಗ್ತೀರಾ?"

"ನಿನ್ನ ಪ್ರೋಟೀನೂ ಒಂಚೂರು ಸಂಗೀತ ಕೇಳ್ಲಿ ಅಂತ ಕಣೇ."

"ಅದು ಆಗ್ಲೇ ಸತ್ತಿದೆ. ನೀವು ಹಾಡಿ ಇನ್ನೊಂದ್ಸಲ ಕೊಲ್ಬೇಡಿ."

ಕದಡಿದ ಚಿತ್ರವನ್ನು ಅವನೆದುರಿಗೇ ಅಳಿಸಿ, ಮತ್ತೆ ತೆಗೆಯುತ್ತಿದ್ದಳು.

ಹೋದ ವರ್ಷ ಅವನ ಹೃದಯ ನಿಂತಿತು. ಮನೆತುಂಬ ಫೋಟೊಗಳಿವೆ, ದನಿ ಮಾತ್ರ ಎಲ್ಲೂ ಇಲ್ಲ. ಅದನ್ನು ಹಿಡಿದಿಡಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಇವತ್ತು ಲ್ಯಾಬಿನ ಮುಖ್ಯಸ್ಥೆ ಬಂದು, "ಡಿಸ್ಕ್ ತುಂಬಿಹೋಗಿದೆ. ಹಳೇ ಚಿತ್ರಗಳನ್ನ ಸಂಜೆ ಅಳಿಸ್ತಾರೆ, ಬೇಕಾದ್ದು ತೆಗೆದಿಟ್ಕೊಳಮ್ಮ" ಎಂದಾಗ ಅವಳು ಥಟ್ಟನೆ ಪರದೆಯತ್ತ ತಿರುಗಿದಳು. ಕದಡಿದ ಚಿತ್ರ ಒಂದಾದರೂ ಕಣ್ತಪ್ಪಿ ಉಳಿದಿದ್ದರೆ? ಅವನ ಗುನುಗಿಗೆ ನಡುಗಿದ ನಾಲ್ಕು ಗೆರೆ ಸಿಕ್ಕರೂ ಸಾಕಿತ್ತು. ಕೇಳಿಸದಿದ್ದರೆ ಬೇಡ, ಕಣ್ಣಿಗಾದರೂ ಕಾಣಲಿ.

ಊಟ ಬಿಟ್ಟು ಹುಡುಕಿದಳು. ಒಂದೊಂದು ಚಿತ್ರವೂ ಬಾಚಿದ ತಲೆಯ ಹಾಗೆ ಅಚ್ಚುಕಟ್ಟು. ಅವನ ಕೊನೆಯ ತಿಂಗಳುಗಳವಂತೂ ಮೊದಲ ಸಲಕ್ಕೇ ಸರಿಬಂದಿದ್ದವು. ಕ್ರಮಸಂಖ್ಯೆ ಎಲ್ಲೂ ತಪ್ಪಿರಲಿಲ್ಲ, ಯಾವುದನ್ನೂ ಅಳಿಸಿ ಎರಡನೇ ಸಲ ತೆಗೆದೇ ಇರಲಿಲ್ಲ. ಆಗ ಅವಳಿಗೆ ಅರ್ಥವಾಯಿತು. ಅವನು ಯಾವಾಗಲೋ ಗುನುಗುವುದನ್ನೇ ಬಿಟ್ಟಿದ್ದ. ಅದು ಅವಳ ಗಮನಕ್ಕೇ ಬಂದಿರಲಿಲ್ಲ. ಚಿತ್ರ ಚೆನ್ನಾಗಿ ಬರುತ್ತಿದೆ ಎಂದು ಹಿಗ್ಗಿದ್ದಳು, ಅಷ್ಟೇ.

ಸಂಜೆ ಮುಖ್ಯಸ್ಥೆ ಇಣುಕಿದರು. "ಎಲ್ಲಾ ನೋಡಿದ್ಯಾ? ಕೆಟ್ಟಿರೋದು ಏನಾದ್ರೂ ಇದೆಯಾ?"

"ಒಂದೂ ಇಲ್ಲ ಮೇಡಂ," ಎಂದಳು. "ಅವರು ನನ್ನ ಮಾತು ಕೇಳಿಬಿಟ್ಟಿದ್ದಾರೆ."